ಬಾಗಿಲಲ್ಲಿ ಮೂರು ಸೆಕೆಂಡು

ಬೆಳಿಗ್ಗೆಯಿಂದ ತನ್ನ ಬಲಗೈಯನ್ನು ಎಲ್ಲಿಡಬೇಕೆಂದು ಸಿದ್ಧಾರ್ಥನಿಗೆ ತಿಳಿಯುತ್ತಿರಲಿಲ್ಲ. ಹಾವನೂರು ಸರ್ಕಲ್ಲಿನ ದರ್ಶಿನಿಯ ಮುಂದೆ ಕಾಫಿ ಕುಡಿದು ಮುಗಿಸಿದ ಮೇಲೆ ಅದು ಜೇಬಿಗೆ ಹೋಯಿತು, ಜೇಬಿನಿಂದ ತಾನಾಗಿಯೇ ಮೇಲೆ ಬಂದು ಶರ್ಟಿನ ಎರಡನೇ ಗುಂಡಿಯ ಸಂದಿನಲ್ಲಿ ತೂರಿಕೊಳ್ಳಲು ನೋಡಿತು. ಥೂ ಎಂದು ಕೆಳಗಿಳಿಸಿದ. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದ ವಯಸ್ಸಾದವರೊಬ್ಬರು ಇದ್ದಕ್ಕಿದ್ದ ಹಾಗೆ ತಮ್ಮ ಶರ್ಟಿನೊಳಗೆ ಕೈ ಹಾಕಿದರು. ಸಿದ್ಧಾರ್ಥ ಆ ಕೈಯನ್ನೇ ನೋಡುತ್ತ ಎಣಿಸಿದ. ಒಂದು, ಎರಡು, ಮೂರು. ಅವರು ಕನ್ನಡಕ ತೆಗೆದು ಮೂಗಿಗೇರಿಸಿ, ಗೋಡೆಯ ಮೇಲಿನ ತಿಂಡಿಪಟ್ಟಿ ಓದತೊಡಗಿದರು. ಮೂರು ಸೆಕೆಂಡು. ಒಬ್ಬ ಮನುಷ್ಯ ಕನ್ನಡಕ ಹುಡುಕುತ್ತಿದ್ದಾನೆ ಎಂದು ತಿಳಿಯಲು ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಯಾವನಿಗೂ ಬೇಡ. ಅವರು ಇವನ ನೋಟ ಕಂಡು, 'ಏನಪ್ಪಾ, ಏನ್ ಬೇಕು?' ಎಂದರು. 'ಏನಿಲ್ಲ ಸಾರ್' ಎಂದು ಇವನು ಮುಖ ತಿರುಗಿಸಿದ. ತಿರುಗಿಸಿದ ಮುಖ ಕೆಂಪಾದದ್ದು ಅವನಿಗೇ ಗೊತ್ತಾಯಿತು.

ಅವನ ಕೆಲಸ ಸಾಯುವುದು. ಕೆಂಗೇರಿಯಿಂದಾಚೆ ಮೈಸೂರು ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರು ಒಳಗೆ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಜಾಗದಲ್ಲಿ ಒಂದು ಖಾಸಗಿ ಕಂಪನಿಯಿದೆ. ಆಫ್ರಿಕಾದ ದೇಶಗಳಿಂದ ಪೊಲೀಸರು, ಸೈನಿಕರು ಅಲ್ಲಿಗೆ ಆರು ವಾರದ ತರಬೇತಿಗೆ ಬರುತ್ತಾರೆ. ಉಗ್ರರು ಅಡಗಿದ ಮನೆಗೆ ನುಗ್ಗುವುದು ಹೇಗೆ ಎಂದು ಕಲಿಯುತ್ತಾರೆ. ನುಗ್ಗಲಿಕ್ಕೆ ಮನೆ ಬೇಕಲ್ಲ, ಪ್ಲೈವುಡ್ಡಿನಲ್ಲಿ ಮನೆ ಕಟ್ಟಿದ್ದಾರೆ. ಮನೆಯೊಳಗೆ ಜನ ಬೇಕಲ್ಲ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯದ ಕಡೆಯ ಹತ್ತು ಹುಡುಗರನ್ನು ಇಟ್ಟುಕೊಂಡಿದ್ದಾರೆ. ಇವರಿಗೆ ಅಲ್ಲಿ ಡಮ್ಮಿಗಳೆಂದು ಹೆಸರು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಈ ಊರಿನಲ್ಲಿ ಇನ್ನೇನು ಹೆಸರು ಸಿಗುತ್ತದೆ? ಸಿದ್ಧಾರ್ಥನದು ಬಾಗಿಲ ಡಮ್ಮಿ. ಹೊರಗಿನಿಂದ ಸೈನಿಕ ಕೂಗಿದೊಡನೆ ಶರ್ಟಿನೊಳಗೆ ಕೈಯಿಟ್ಟುಕೊಂಡು ಬಾಗಿಲಿಗೆ ಬರಬೇಕು, ಮೂರು ಸೆಕೆಂಡು ಬಿಟ್ಟು ಕೈ ಹೊರತೆಗೆಯಬೇಕು. ಒಳಗೆ ಎರಡು ವಸ್ತು ಇರುತ್ತವೆ, ಒಂದು ರಬ್ಬರ್ ಪಿಸ್ತೂಲು, ಒಂದು ಗುರುತಿನ ಚೀಟಿ. ಪಿಸ್ತೂಲು ಬಂದರೆ ಸೈನಿಕ ಬಣ್ಣದ ಗುಂಡು ಹೊಡೆಯಬೇಕು. ತಡಮಾಡಿದರೆ ಇವನು 'ಢಂ' ಎನ್ನುತ್ತಾನೆ, ಅವನು ಸತ್ತು ಮಣ್ಣಿನಲ್ಲಿ ಮಲಗಬೇಕು. ಚೀಟಿ ಬಂದರೆ ಹೊಡೆಯಬಾರದು. ಯಾವುದನ್ನು ತೆಗೆಯುವುದು? ಅದನ್ನು ಯಾರೂ ಬರೆದುಕೊಟ್ಟಿಲ್ಲ. ಹತ್ತರಲ್ಲಿ ಐದು ಇದು, ಐದು ಅದು ಎಂದು ಮೊದಲ ದಿನ ಬಾಯಲ್ಲಿ ಹೇಳಿದ್ದರು, ಅಷ್ಟೇ. ಆಮೇಲೆ ಡಮ್ಮಿಯ ಇಷ್ಟ. ಜೀವನದಲ್ಲಿ ಸಿದ್ಧಾರ್ಥನ ಇಷ್ಟಕ್ಕೆ ಬಿಟ್ಟ ಕೆಲಸ ಅದೊಂದೇ.

ಕಂಪನಿಯ ವ್ಯಾನು ಬಂತು. ರವಿಕುಮಾರ್, ಒಳಕೋಣೆಯಲ್ಲಿ ಒತ್ತೆಯಾಳಾಗಿ ಕೂರುವ ಡಮ್ಮಿ, ಸೀಟು ಹಿಡಿದಿದ್ದ. 'ಏನ್ ಮಗಾ, ಮುಖ ಹಿಂಗಿದೆ? ರಾತ್ರಿ ಗ್ರೂಪಲ್ಲಿ ಹಾಕಿದ್ನಲ್ಲ ವಿಡಿಯೊ, ನೋಡ್ಲಿಲ್ವಾ?'

'ನೋಡ್ದೆ.'

'ನಮ್ ಬಾಗ್ಲೇ ಕಣೋ ಅದು! ಕಾಲು ಹೆಂಗಿಡ್ತಾವ್ರೆ ನೋಡ್ದಾ, ಎಡ, ಬಲ, ಎಡ. ನಾವ್ ಸಾಯ್ತಾ ಸಾಯ್ತಾ ಕಲ್ಸಿದ್ದು ಗುರೂ.' ಬೇರೆ ಹುಡುಗರು ನಕ್ಕರು. ಸಿದ್ಧಾರ್ಥ ಕಿಟಕಿಯಾಚೆ ನೋಡಿದ.

ಹದಿನೇಳು ಸೆಕೆಂಡಿನ ವಿಡಿಯೊ, ಹೋದ ವರ್ಷ ತರಬೇತಿಗೆ ಬಂದಿದ್ದವರ ದೇಶದ್ದು. ಮಣ್ಣಿನ ಗೋಡೆ, ನೀಲಿ ಬಣ್ಣದ ತಗಡಿನ ಬಾಗಿಲು. ಉದ್ದ ನಿಲುವಂಗಿ ತೊಟ್ಟ ಒಬ್ಬರು ಎದೆಯ ಹತ್ತಿರ ಕೈಯಿಟ್ಟುಕೊಂಡು ಹೊರಗೆ ಬರುತ್ತಾರೆ. ಗುಂಡು. ಬೀಳುತ್ತಾರೆ. ಹೊಡೆದವನು ಮುಂದೆ, ಹಿಂದೆ ಇಬ್ಬರು. ಮುಖಕ್ಕೆ ಬಟ್ಟೆ, ತಲೆಗೆ ಹೆಲ್ಮೆಟ್ಟು, ಯಾರೆಂದು ಹೇಳಲಾಗದು. ಹೊಡೆದವನು ಹೆಣವನ್ನು ದಾಟಿ ಒಳಗೆ ಕಾಲಿಡುವ ಮೊದಲು ಎಡಗೈಯ ಎರಡು ಬೆರಳ ಗೆಣ್ಣಿನಿಂದ ಬಾಗಿಲ ಚೌಕಟ್ಟನ್ನು ತಟ್ಟುತ್ತಾನೆ. ಟಕ್ ಟಕ್. ವಿಡಿಯೊದಲ್ಲಿ ಆ ಸದ್ದು ಕೇಳುವುದಿಲ್ಲ, ಸಿದ್ಧಾರ್ಥನಿಗೆ ಕೇಳಿತ್ತು. ಉಗ್ರ ಎಂದಿತ್ತು ಅಲ್ಲಿನ ಸೈನ್ಯ. ಸ್ಕೂಲಿನ ಮೇಷ್ಟ್ರು, ಗುರುತಿನ ಚೀಟಿ ತೆಗೆಯುತ್ತಿದ್ದರು ಎಂದಿದ್ದರು ಊರಿನವರು. ಅಮ್ಮ ಅಂಜಮ್ಮ ಊಟಕ್ಕೆ ಕರೆದಾಗ ಅವನು ಅದನ್ನು ಹನ್ನೆರಡನೇ ಸಲ ನೋಡುತ್ತಿದ್ದ.

ಟಕ್ ಟಕ್. ಹೋದ ವರ್ಷದ ತಂಡದಲ್ಲಿ ಹದಿನಾಲ್ಕನೇ ನಂಬರಿನವನು ಪ್ಲೈವುಡ್ ಬಾಗಿಲನ್ನು ಮೊದಲ ದಿನ ಹಾಗೆ ತಟ್ಟಿದಾಗ, ತರಬೇತಿ ಕೊಡುವ ಮೇಜರ್ ಮುರಳೀಕೃಷ್ಣ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿದ್ದರು. ನೆಂಟರ ಮನೆಗೆ ಬಂದಿದ್ದೀಯಾ, ಕಾಫಿ ತರಿಸಲಾ ಎಂದು ಇಂಗ್ಲಿಷಿನಲ್ಲಿ ಕೇಳಿ, ಕನ್ನಡದಲ್ಲಿ ಡಮ್ಮಿಗಳ ಕಡೆ ತಿರುಗಿ, 'ಆರತಿ ತಟ್ಟೆ ತನ್ರೋ ಅಳಿಯಂದ್ರಿಗೆ' ಎಂದಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಸಿದ್ಧಾರ್ಥ. ಮಧ್ಯಾಹ್ನ ಊಟದ ಸಾಲಿನಲ್ಲಿ ಹದಿನಾಲ್ಕು ಅವನ ಪಕ್ಕಕ್ಕೇ ಬಂದು ಕೂತ. ಹೆಸರು ಸಾಲಿಫ್. ಅವನ ಇಂಗ್ಲಿಷೂ ಮುರುಕು, ಇವನದೂ ಮುರುಕು. ಅದಕ್ಕೇ ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯುತ್ತಿತ್ತು. ಯಾಕೆ ತಟ್ಟಿದೆ ಎಂದು ಸಿದ್ಧಾರ್ಥ ಕೇಳಿದ. ಅಮ್ಮ ಕಲಿಸಿದ್ದು ಎಂದ ಸಾಲಿಫ್. ಯಾರ ಮನೆಯಾದರೂ ಸರಿ, ತಟ್ಟಬೇಕು, ಕಾಯಬೇಕು. ಒಳಗಿರುವ ಹೆಂಗಸು ತಲೆಯ ಬಟ್ಟೆ ಸರಿಮಾಡಿಕೊಳ್ಳಲು ಹೊತ್ತು ಬೇಕಲ್ಲ. 'ಅಲ್ಲಿ ಹೆಂಗಸಿಲ್ಲ, ನಾನಿದ್ದೆ' ಎಂದ ಸಿದ್ಧಾರ್ಥ. 'ನಿನಗೂ ಬೇಕಲ್ಲ ಹೊತ್ತು' ಎಂದು ಸಾಲಿಫ್ ನಕ್ಕ, ಮುಂದಿನ ಹಲ್ಲುಗಳ ನಡುವೆ ಸಂದಿತ್ತು. ಆ ತಂಡದಲ್ಲಿ ಮೂರು ಸೆಕೆಂಡು ಪೂರ್ತಿ ಕಾಯುತ್ತಿದ್ದವನು ಅವನೊಬ್ಬನೇ. ಗನ್ ಗುರಿಯಿಟ್ಟು, ಇವನ ಕೈ ನೋಡದೆ ಕಣ್ಣು ನೋಡುತ್ತ ನಿಲ್ಲುತ್ತಿದ್ದ. ಮೇಜರ್ ಸ್ಟಾಪ್‌ವಾಚು ಒತ್ತಿ, 'ತ್ರೀ ಸೆಕೆಂಡ್ಸ್! ಯು ಆರ್ ಡೆಡ್!' ಎಂದು ಕಿರುಚುತ್ತಿದ್ದರು. ಚೀಟಿ ಬಂದಾಗಲೂ ಕಿರುಚುತ್ತಿದ್ದರು.

ನಮ್ಮ ಮನೆಗೆ ಬಾ ಎಂದು ಕರೆದವನು ಸಿದ್ಧಾರ್ಥನೇ. ಭಾನುವಾರ, ಮಧ್ಯಾಹ್ನ, ನನ್ನ ಅಮ್ಮ, ಊಟ. ಪಾಯಸ ಎಂದರೆ ಏನೆಂದು ಕೈಯಲ್ಲಿ ತೋರಿಸಿ ಹೇಳಿದ್ದ: ಅಕ್ಕಿ, ಹಾಲು, ಬೆಲ್ಲ, ಏಲಕ್ಕಿ. ಏಲಕ್ಕಿಗೆ ಇಂಗ್ಲಿಷು ಗೊತ್ತಿಲ್ಲದೆ ಮೂಗು ಮುಟ್ಟಿ ತೋರಿಸಿದ್ದ. ಅಮ್ಮನಿಗೆ ಸಂಭ್ರಮ. ಮಗನನ್ನು ಹುಡುಕಿಕೊಂಡು ಮನೆಗೆ ಬರುತ್ತಿದ್ದವರೆಲ್ಲ ಅದುವರೆಗೆ ಜಗಳಕ್ಕೆ ಬಂದವರೇ. 'ಅವ್ರು ಕೈಯಲ್ಲಿ ತಿಂತಾರೇನೋ, ಚಮಚ ಬೇಕೇನೋ?' ಎಂದು ಬೆಳಿಗ್ಗೆಯಿಂದ ನಾಲ್ಕು ಸಲ ಕೇಳಿದ್ದಳು. ಕೊನೆಗೆ ಎರಡೂ ಆಗಲಿ ಎಂದು ಸ್ಟೀಲ್ ಚಮಚವನ್ನು ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದಳು.

ನೆಲಮಹಡಿಯ ಹಿಂಭಾಗದ ಎರಡು ಕೋಣೆ ಇವರ ಬಾಡಿಗೆಯದು. ಮೇಲೆ ಓನರ್ ಅನಂತಲಕ್ಷ್ಮಿ. ಒಂದು ಗಂಟೆಗೆ ಗೇಟಿನ ಸದ್ದಾಯಿತು. ಟಕ್ ಟಕ್. ಕರೆಗಂಟೆ ಇದ್ದರೂ ತಟ್ಟಿದ್ದ. ಸಿದ್ಧಾರ್ಥ ಓಡಿಬಂದ. ಇಸ್ತ್ರಿ ಹಾಕಿದ ತಿಳಿನೀಲಿ ಶರ್ಟು, ಕುತ್ತಿಗೆಯವರೆಗೆ ಹಾಕಿದ ಗುಂಡಿ, ಬಿಸಿಲಿನಲ್ಲಿ ನಿಂತ ಸಾಲಿಫ್ ಹಲ್ಲಿನ ಸಂದು ಕಾಣುವಂತೆ ನಗುತ್ತಿದ್ದ. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದವರು ಹರವುವುದನ್ನು ನಿಲ್ಲಿಸಿದ್ದರು. ಬೀದಿಯಲ್ಲಿ ಸ್ಕೂಟರು ತೊಳೆಯುತ್ತಿದ್ದವನು ಪೈಪನ್ನು ನೆಲಕ್ಕೆ ಬಿಟ್ಟು ನೋಡುತ್ತಿದ್ದ. ಮೇಲಿನಿಂದ ದನಿ ಬಂತು: 'ಯಾರೋ ಅದು ಸಿದ್ದು? ನಿಂಗೊತ್ತಿರೋರಾ?'

ಆ ಹೊತ್ತನ್ನು ಸಿದ್ಧಾರ್ಥ ಎಷ್ಟು ಸಲ ಬಿಚ್ಚಿ ನೋಡಿದ್ದಾನೋ. ಅಲ್ಲಿ ಬೆದರಿಕೆ ಇರಲಿಲ್ಲ. ಬರೀ ಪ್ರಶ್ನೆ. ಹೌದು ಆಂಟಿ, ನಮ್ಮ ಫ್ರೆಂಡು ಎಂದಿದ್ದರೆ ಆಕೆ ಮೂಗು ಮುರಿದು ಒಳಗೆ ಹೋಗುತ್ತಿದ್ದಳು, ಸಂಜೆ ಅಮ್ಮನ ಹತ್ತಿರ ಎರಡು ಮಾತಾಡುತ್ತಿದ್ದಳು, ಅಷ್ಟೇ. ಮೂರು ಸೆಕೆಂಡು ಕಾದಿದ್ದರೂ ಸಾಕಿತ್ತು, ಬಾಯಿಗೆ ಸರಿಯಾದ ಮಾತು ಬರುತ್ತಿತ್ತು. ಕಾಯಲಿಲ್ಲ. 'ಇಲ್ಲ ಆಂಟಿ, ಯಾರೋ ಅಡ್ರೆಸ್ ಕೇಳ್ತಿದಾರೆ' ಎಂದುಬಿಟ್ಟ. ಎಂದವನು ಅಷ್ಟಕ್ಕೇ ನಿಲ್ಲಲಿಲ್ಲ. ಕೈ ಚಾಚಿ ಬೀದಿಯ ಕೊನೆ ತೋರಿಸಿ, 'ಗೋ ಸ್ಟ್ರೈಟ್, ರೈಟ್' ಎಂದು ಮೇಲಿನವರಿಗೂ ಕೇಳುವಂತೆ ಹೇಳಿದ. ಕನ್ನಡ ಬಾರದ ಸಾಲಿಫ್‌ಗೆ ಎಲ್ಲವೂ ತಿಳಿಯಿತು. ಅವನು ಮೇಲೆ ನೋಡಿದ, ಇವನನ್ನು ನೋಡಿದ. ಅವನ ಕೈ ಶರ್ಟಿನೊಳಗೆ ಹೋಗಿತ್ತು, ಏನೋ ಪುಟ್ಟ ಪೊಟ್ಟಣದ ಕೆಂಪು ತುದಿ ಕಂಡಿತು. ಅದನ್ನು ಹಾಗೇ ಒಳಗೆ ತಳ್ಳಿ, ಗುಂಡಿ ಹಾಕಿಕೊಂಡ. ಆಮೇಲೆ ಬಹಳ ಚೆನ್ನಾಗಿ, ಪಳಗಿದ ಡಮ್ಮಿಯ ಹಾಗೆ, 'ಥ್ಯಾಂಕ್ಯೂ ಸಾರ್' ಎಂದು ತಲೆಬಾಗಿಸಿ, ತೋರಿಸಿದ ಕಡೆಗೇ ನಡೆದ. ನೇರ ಹೋಗಿ ಬಲಕ್ಕೆ ತಿರುಗಿದ. ಅಲ್ಲಿ ಏನೂ ಇಲ್ಲ, ಒಂದು ಟ್ರಾನ್ಸ್‌ಫಾರ್ಮರು, ಒಂದು ಖಾಲಿ ಸೈಟು.

ತಿರುಗಿದರೆ ಅಮ್ಮ ನಿಂತಿದ್ದಳು, ಕೈಯಲ್ಲಿ ತಿಕ್ಕಿದ ಚಮಚ. 'ಅವ್ರೇ ಅಲ್ವೇನೋ?' ಎಂದಳು. ಇವನು ಅವಳನ್ನು ದಾಟಿ ಒಳಗೆ ಹೋದ. ಸಂಜೆ ಪಾಯಸದ ಒಂದು ಲೋಟವನ್ನು ಅನಂತಲಕ್ಷ್ಮಿಗೆ ಕೊಟ್ಟು ಬಂದಳು. ಬಂದು, 'ಚೆನ್ನಾಗಿದೆ ಅಂದ್ರು' ಎಂದಷ್ಟೇ ಹೇಳಿ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ವ್ಯಾನು ನಾಗರಭಾವಿ ದಾಟಿ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತಿತ್ತು. ರವಿಕುಮಾರ್ ವಿಡಿಯೊವನ್ನು ಇನ್ನೊಬ್ಬನಿಗೆ ತೋರಿಸುತ್ತಿದ್ದ. ಗುಂಡಿನ ಸದ್ದು ಚಿಕ್ಕ ಸ್ಪೀಕರಿನಲ್ಲಿ ಪಟಾಕಿಯ ಹಾಗೆ ಬಂತು. 'ಆಫ್ ಮಾಡೋ ಲೋಫರ್' ಎಂದ ಸಿದ್ಧಾರ್ಥ. 'ಯಾಕೋ, ನಿಮ್ ಮಾವ ಏನೋ ಸತ್ತಿರೋನು?' ಎಂದ ರವಿ. ಹೊಡೆಯಬೇಕೆನಿಸಿತು. ಹೊಡೆದು ಏನಾಗಬೇಕು, ಇವನ ತಪ್ಪೇನು. ತಾನೇ ಒಬ್ಬರಿಗೆ ಮಾಡಿದ ಅವಮಾನ ನುಂಗಲಾರದೆ ಅವರ ಮೇಲೇ ಸಿಟ್ಟಾಗುವುದು ಸಿದ್ಧಾರ್ಥನ ಹಳೆಯ ರೋಗ. ಆ ಸೋಮವಾರ ಆಗಿದ್ದೂ ಅದೇ. ಸಾಲಿಫ್ ಏನೂ ಆಗಿಲ್ಲವೆಂಬಂತೆ 'ಗುಡ್ ಮಾರ್ನಿಂಗ್ ಸಿದು' ಎಂದ. ಬೈದಿದ್ದರೆ, ಉಗುಳಿದ್ದರೆ ಎಷ್ಟು ಚೆನ್ನಾಗಿತ್ತು. ನೀನು ಒಳ್ಳೆಯವನಾಗಿದ್ದರೆ ನಾನೇನಾದೆ? ಬಾ, ಬಾಗಿಲಿಗೆ ಬಾ, ತೋರಿಸುತ್ತೇನೆ.

ಮೊದಲ ಸಲ ಸಾಲಿಫ್ ತಟ್ಟಿದ, ಕೂಗಿದ, ಕಾದ. ಸಿದ್ಧಾರ್ಥ ಪಿಸ್ತೂಲು ತೆಗೆದು 'ಢಂ' ಎಂದ. ಸಾಲಿಫ್ ಮಣ್ಣಿನಲ್ಲಿ ಮಲಗಿ ಎದ್ದ. ಎರಡನೇ ಸಲವೂ ಪಿಸ್ತೂಲು. ಮೂರು, ನಾಲ್ಕು, ಐದು. ಇನ್ನು ಚೀಟಿಯೇ ಎಂದು ಅವನು ಕಾದ, ಲೆಕ್ಕದ ಪ್ರಕಾರ ಕಾಯಬೇಕಾದದ್ದೇ. ಆರನೆಯದೂ ಪಿಸ್ತೂಲು. ಹತ್ತು ಸಲ ಕೊಂದ. ಪ್ರತಿ ಸಲವೂ ಢಂ ಎನ್ನುವಾಗ ಇವನ ಬಾಯಲ್ಲಿ ನಗು ಇತ್ತು, ಡಮ್ಮಿಗಳು ಶಿಳ್ಳೆ ಹಾಕುತ್ತಿದ್ದರು, ಮೇಜರ್ ತೊಡೆ ತಟ್ಟಿಕೊಂಡು, 'ಸಿದ್ದೂ, ಹಾಕು, ಹಂಗೇ ಹಾಕು, ಬುದ್ಧಿ ಬರ್ಲಿ' ಎನ್ನುತ್ತಿದ್ದರು. ಏಳನೇ ಸಲಕ್ಕೆ ಸಾಲಿಫ್ ಬಾಗಿಲು ತಟ್ಟುವುದನ್ನು ಬಿಟ್ಟ. ಒಂಬತ್ತನೆಯದಕ್ಕೆ ಕಣ್ಣು ನೋಡುವುದನ್ನು ಬಿಟ್ಟು ಕೈ ನೋಡತೊಡಗಿದ. ಹನ್ನೊಂದನೇ ಸಲ ಅವನ ಮೈತುಂಬ ಮಣ್ಣು ಕಂಡು ಸಿದ್ಧಾರ್ಥನಿಗೆ ಸಾಕೆನಿಸಿತು; ಬೆರಳು ಪಿಸ್ತೂಲು ಬಿಟ್ಟು ಚೀಟಿ ಹಿಡಿಯಿತು. ಅದು ಹೊರಗೆ ಬರುವ ಮೊದಲೇ ಗುಂಡು ಬಿತ್ತು. ಎದೆ, ಬೆರಳು, ಚೀಟಿ ಎಲ್ಲ ಕೆಂಪು. ಮೇಜರ್ ಚಪ್ಪಾಳೆ ತಟ್ಟಿದರು. ಕಾಲು ಸೆಕೆಂಡು! ಸಾಲಿಫ್ ಹತ್ತಿರ ಬಂದು ಕೆಳಗೆ ಬಿದ್ದ ಚೀಟಿ ನೋಡಿದ, ಇವನ ಮುಖ ನೋಡಿದ, ಏಳಲು ಕೈ ಕೊಟ್ಟ. ಕೈ ತಣ್ಣಗಿತ್ತು. ಮತ್ತೆ ಅವನು ಊರಿಗೆ ಹೋಗುವವರೆಗೂ ಇಬ್ಬರೂ ಮಾತಾಡಲಿಲ್ಲ. ಆ ತಂಡದಲ್ಲಿ ಅತಿ ವೇಗದವನೆಂದು ಅವನಿಗೆ ಒಂದು ಬಹುಮಾನದ ಕಪ್ಪು ಕೊಟ್ಟರು.

ಹೆಂಚಿನ ಕಾರ್ಖಾನೆ ಬಂತು. ಹೊಸ ತಂಡ ನಿನ್ನೆಯೇ ಇಳಿದಿತ್ತು, ಅದೇ ದೇಶದವರು. ಹೋದ ವರ್ಷ ಆರು ವಾರವೂ ನಾಲಿಗೆಗೆ ಹತ್ತದ ಆ ದೇಶದ ಹೆಸರು ಈಗ ಸಿದ್ಧಾರ್ಥನಿಗೆ ಬಾಯಿಪಾಠ. ಫೋನಿನ ಮ್ಯಾಪಿನಲ್ಲಿ ಬೆರಳಿಟ್ಟು ಹಿಗ್ಗಿಸಿ ವಿಡಿಯೊದ ಆ ಊರನ್ನು ಹುಡುಕಿದ್ದ, ಬರೀ ಮರಳಿನ ಬಣ್ಣ ಕಂಡಿತ್ತು. ಎದೆಗೆ ದಪ್ಪ ಹೊದಿಕೆ, ಅದರ ಮೇಲೆ ಶರ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡ. ಕಪಾಟಿನಲ್ಲಿ ಪಿಸ್ತೂಲೂ ಚೀಟಿಯೂ ಇದ್ದವು. ಚೀಟಿಯ ಅಂಚಿನ ಕೆಂಪು ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನ ಒಳಗೆ ಉಳಿದಿತ್ತು. ಚೀಟಿಯನ್ನಷ್ಟೇ ತೆಗೆದುಕೊಂಡ. ಇವತ್ತು ಹತ್ತಕ್ಕೆ ಹತ್ತೂ ಚೀಟಿ. ಕಾದವನು ಬದುಕುತ್ತಾನೆ ಎಂದು ಇವರ ಮೈಗೆ ಹತ್ತುವವರೆಗೆ ಚೀಟಿ. ಅದರಿಂದ ಆ ನೀಲಿ ಬಾಗಿಲಿನವರು ಎದ್ದು ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಎದೆಯೊಳಗೆ ಏನೋ ಹಗುರವಾಯಿತು. ಹಗುರವಾದದ್ದಕ್ಕೇ ಮತ್ತೆ ನಾಚಿಕೆಯಾಯಿತು.

ಮೊದಲು ಬಂದವನು ಆರನೇ ನಂಬರು. ಇಪ್ಪತ್ತು ದಾಟಿರಲಾರದ ಮುಖ. ಕೂಗಿದ. ಸಿದ್ಧಾರ್ಥ ಎದೆಯ ಮೇಲೆ ಕೈಯಿಟ್ಟುಕೊಂಡು ಪ್ಲೈವುಡ್ ಹೊಸ್ತಿಲಿಗೆ ಬಂದ. ಒಂದು ಎಂದು ಮನಸ್ಸಿನಲ್ಲಿ ಎಣಿಸುವ ಮೊದಲೇ ಗುಂಡು ಎದೆಗೆ ಬಡಿಯಿತು. ನೋವಿಗಿಂತ ಹೆಚ್ಚಾಗಿ ಆಶ್ಚರ್ಯ. ಹೊಸ ತಂಡ, ಮೊದಲ ದಿನ, ಮೊದಲ ಸಲ. ಇವರಿಗೆ ಇನ್ನೂ ಯಾರೂ ಏನೂ ಕಲಿಸಿಲ್ಲ. ಹೊಸ್ತಿಲ ಮೇಲೇ ಬಿದ್ದ.

'ಎಕ್ಸಲೆಂಟ್!' ಎಂದರು ಮೇಜರ್.

'ಸಾರ್, ಕೈಯಲ್ಲಿ ಚೀಟಿ ಸಾರ್' ಎಂದು ಮಲಗಿದ್ದಲ್ಲಿಂದಲೇ ಸಿದ್ಧಾರ್ಥ ಕೈ ಎತ್ತಿ ತೋರಿಸಿದ.

'ಅದು ಅವ್ನಿಗೆ ಹೆಂಗೋ ಗೊತ್ತಾಗ್ಬೇಕು?'

'ತಡೀಬೇಕಿತ್ತು ಸಾರ್.'

'ನೀನ್ ಮೇಷ್ಟ್ರಾ? ಸತ್ತೋನು ಮಾತಾಡ್ಬಾರ್ದು, ಎದ್ದೇಳೋ.'

ಆರನೇ ನಂಬರಿನವನು ಗನ್ನು ಹೆಗಲಿಗೆ ಹಾಕಿ, ಏಳಲು ಕೈ ಕೊಡುತ್ತ ಬಗ್ಗಿದ. ಎದೆಯ ಮೇಲಿನ ಕೆಂಪು ನೋಡಿ ಬೇಜಾರಾದವನಂತೆ ಸಾರಿ ಎಂದ. ಆಮೇಲೆ ಇವನ ಮುಖವನ್ನು ದಿಟ್ಟಿಸಿ, 'ನೀನು ಸಿದು?' ಎಂದ. ಅವನ ಇಂಗ್ಲಿಷು ಸಾಲಿಫ್‌ನದಕ್ಕಿಂತ ಮುರುಕು. ಸಾರ್ಜೆಂಟ್ ಸಾಲಿಫ್ ನಮ್ಮ ತುಕಡಿಯ ದೊಡ್ಡವನು ಎಂದು ಹೇಳಿದ. ನಮಗೆಲ್ಲ ಬಾಗಿಲು ಕಲಿಸಿದವನು ಅವನೇ. ಬೆಂಗಳೂರಿನ ಬಾಗಿಲಲ್ಲಿ ಕಾಯಬೇಡ ಎಂದಿದ್ದಾನೆ ಸಾಲಿಫ್. ಅಲ್ಲಿ ನನಗೊಬ್ಬ ಗೆಳೆಯ, ಸಿದು ಎಂದಿದ್ದಾನೆ. ಅವನ ಮನೆಗೆ ಭಾನುವಾರ ಊಟಕ್ಕೆ ಹೋಗಿದ್ದೆ ಎಂದಿದ್ದಾನೆ. ಹುಡುಗ ಹೇಳುತ್ತ ಹೇಳುತ್ತ ನಗತೊಡಗಿದ. ಅವನ ಅಮ್ಮ ಒಂದು ಸಿಹಿ ಮಾಡಿದ್ದಳಂತೆ, ಅಕ್ಕಿ, ಹಾಲು, ಬೆಲ್ಲ. ಮತ್ತೆ ಇನ್ನೊಂದು, ಅದರ ಹೆಸರು ಸಾಲಿಫ್‌ಗೂ ಗೊತ್ತಿಲ್ಲ. ಹುಡುಗ ಮೂಗು ಮುಟ್ಟಿ ತೋರಿಸಿದ. 'ತುಂಬ ಚೆನ್ನಾಗಿತ್ತಂತೆ' ಎಂದ.

ಚಾಚಿದ ಕೈಯನ್ನು ಸಿದ್ಧಾರ್ಥ ಹಿಡಿಯಲಿಲ್ಲ. ತಲೆಯ ಹಿಂದೆ ಪ್ಲೈವುಡ್ಡಿನ ಹೊಸ್ತಿಲು ಒತ್ತುತ್ತಿತ್ತು. ಮೇಲೆ ತಗಡಿನ ಚಾವಣಿ, ಅದರ ತೂತಿನಿಂದ ಬಂದ ಬಿಸಿಲು. ಟ್ರಾನ್ಸ್‌ಫಾರ್ಮರಿನ ಹತ್ತಿರ ಆ ಮಧ್ಯಾಹ್ನ ಸಾಲಿಫ್ ಎಷ್ಟು ಹೊತ್ತು ನಿಂತಿದ್ದನೋ, ಹಸಿದುಕೊಂಡು ಎಲ್ಲಿಗೆ ಹೋದನೋ, ಆ ಪೊಟ್ಟಣವನ್ನು ಏನು ಮಾಡಿದನೋ. ಆಮೇಲೆ ಸಾವಿರಾರು ಮೈಲಿ ಆಚೆ, ತನ್ನವರ ನಡುವೆ ಕೂತು, ತಿನ್ನದ ಪಾಯಸದ ರುಚಿ ಹೇಳಿದ್ದಾನೆ. ತನ್ನ ಮಾನಕ್ಕೋ, ಇವನ ಮಾನಕ್ಕೋ.

ಆರನೇ ನಂಬರಿನವನು ಏನೂ ತಿಳಿಯದೆ ಪಕ್ಕಕ್ಕೆ ಸರಿದ. 'ಸಿದ್ದೂ, ಏಳೋ, ಟೈಮಾಯ್ತು' ಎಂದರು ಮೇಜರ್. ಅವನು ಏಳಲಿಲ್ಲ. 'ಏಟಾಯ್ತೇನೋ?' ಎಂದು ಒಳಕೋಣೆಯಿಂದ ರವಿಕುಮಾರ್ ಕೂಗಿದ. 'ನಾಟ್ಕ ಆಡ್ತಾವ್ನೆ ನನ್ಮಗ. ಎದ್ರೆ ಸರಿ, ಇಲ್ದಿದ್ರೆ ನಾಳೆಯಿಂದ ಬರ್ಬೇಡ' ಎಂದರು ಮೇಜರ್. ನಾಳೆಯಿಂದ ಬರಬೇಡ. ಆ ಮಾತು ಎಲ್ಲೋ ದೂರದಲ್ಲಿ ಬಿದ್ದಂತಾಯಿತು. ಮೇಜರ್ ಸೀಟಿ ಊದಿದರು. ಅವನು ಬಿದ್ದಿರಲಿ, ದಾಟಿಕೊಂಡು ಹೋಗಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಲ್ಲೂ ಹೆಣ ಇರುತ್ತದೆ, ಅಭ್ಯಾಸವಾಗಲಿ.

ಏಳನೇ ನಂಬರಿನವನ ಬೂಟಿನ ಸದ್ದು ಬಂತು. ಎಡ, ಬಲ, ಎಡ. ಸಿದ್ಧಾರ್ಥ ಕನ್ನಡಕ ಕಿತ್ತು ಬಿಸಾಡಿದ. ಖಾಲಿ ಬಲಗೈಯನ್ನು ನೆಲದ ಮೇಲೆ ಅಂಗಾತ ಬಿಚ್ಚಿಟ್ಟು, ಎಡಗೈಯ ಎರಡು ಬೆರಳ ಗೆಣ್ಣಿನಿಂದ ಬಾಗಿಲ ಚೌಕಟ್ಟನ್ನು ಎರಡು ಸಲ ತಟ್ಟಿದ. ಬೂಟುಗಳು ಅವನ ಪಕ್ಕೆಯ ಹತ್ತಿರ ಬಂದು ನಿಂತವು. ಮೇಲೆ ಗನ್ನಿನ ತುದಿ, ಅದರ ಹಿಂದೆ ಬೆವೆತ ಒಂದು ಮುಖ. ಆ ಮುಖ ಮೊದಲು ಅವನ ಕೈ ನೋಡಿತು. ಆಮೇಲೆ ಕಣ್ಣು ನೋಡಿತು. ಚೌಕಟ್ಟಿನ ಕಡೆ ನೋಡಿತು, ತನ್ನ ಮನೆಯ ಯಾವುದೋ ಸದ್ದು ಕೇಳಿದವನ ಹಾಗೆ. ದಾಟಲಿಲ್ಲ, ಹೊಡೆಯಲಿಲ್ಲ.

ಒಂದು. ಎರಡು.

'ತ್ರೀ ಸೆಕೆಂಡ್ಸ್!' ಎಂದು ಹಿಂದಿನಿಂದ ಮೇಜರ್ ಕಿರುಚಿದರು. 'ಯು ಆರ್ ಡೆಡ್!'

ಅವನು ಇನ್ನೂ ನಿಂತೇ ಇದ್ದ.